ಎರಡು ಗಂಟೆಗೆ ಬರುತ್ತಿದ್ದವರು

ಅವರು ತೀರಿಕೊಂಡದ್ದು ಡ್ಯೂಟಿ ಇಲ್ಲದ ಹೊತ್ತಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರಿಗೆ ಅದು ಮುಖ್ಯವಾಗಿತ್ತು. ಮೂವತ್ತೇಳು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದ ಮನುಷ್ಯ. ಡ್ಯೂಟಿಯ ಕುರ್ಚಿಯಲ್ಲೇನಾದರೂ ಪ್ರಾಣ ಹೋಗಿದ್ದರೆ, ಮುಂದಿನ ಪಾಳಿಯವನಿಗೆ ಚಾರ್ಜ್ ಕೊಡದೆ ಬಂದುಬಿಟ್ಟೆನಲ್ಲ ಅಂತ ಮೇಲೆ ಹೋದ ಮೇಲೂ ಕೈ ಕೈ ಹಿಸುಕಿಕೊಳ್ಳುತ್ತಿದ್ದರು.

ನಾನೂ ರೈಲ್ವೆಯವನೇ. ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನು, ಎರಡು ಸ್ಟೇಷನ್ನುಗಳಲ್ಲಿ ಅವರ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದವನು. ನಿವೃತ್ತಿಯಾದ ಮೇಲೂ ಹಣೆಬರಹ ಬಿಡಲಿಲ್ಲ ನೋಡಿ, ಚೆನ್ನೈನಲ್ಲಿ ಗಿಂಡಿ ಸ್ಟೇಷನ್ನಿನ ಹಿಂದೆ ಒಂದೇ ಕಟ್ಟಡದಲ್ಲಿ ಮನೆ ಸಿಕ್ಕಿತು. ಅವರು ಮೊದಲನೇ ಮಹಡಿ, ನಾನು ನೆಲಮಹಡಿ. ಅವರದು ಅರಸೀಕೆರೆ ಕಡೆ, ನಮ್ಮದು ನಂಜನಗೂಡು. ಊರು ಬಿಟ್ಟು ಅರ್ಧ ಶತಮಾನವಾದರೂ ಅವರ ಬಾಯಲ್ಲಿ ಅರಸೀಕೆರೆ ಇತ್ತು. ನನ್ನ ಕನ್ನಡದೊಳಗೆ ತಮಿಳು ನುಗ್ಗಿದರೆ ಸಾಕು, "ಅದ್ಯಾವ ಲೈನಲ್ಲಿ ಹೋಗ್ತಿದೀಯಯ್ಯಾ, ವಾಪಸ್ ಬಾ" ಅನ್ನುತ್ತಿದ್ದರು.

ಉದ್ದಕ್ಕೆ, ಸಣಕಲಾಗಿದ್ದರು. ವಾಚಿನ ಮುಖ ಒಳಗೈಗೆ. ಸೊಪ್ಪು ಮಾರುವವಳಿಗೂ "ಹದಿನೇಳು ಗಂಟೆಗೆ ಬಾಮ್ಮ" ಅಂತ ಹೇಳಿ, ಅವಳು ಕಂಗಾಲಾಗಿ ನನ್ನ ಹೆಂಡತಿಯ ಹತ್ತಿರ ಬಂದು ಕೇಳಬೇಕು. ಇನ್ನೊಂದು ಅಭ್ಯಾಸವಿತ್ತು. ಯಾವ ರೈಲು ಹೋದರೂ ಅವರ ಕಣ್ಣು ಕೊನೆಯ ಬೋಗಿಯ ಮೇಲೆ. ಕೊನೆಯದು ಕಂಡರೆ ಮಾತ್ರ ಗಾಡಿ ಪೂರ್ತಿ ದಾಟಿದೆ ಎಂದು ಗೊತ್ತಾಗುವುದು, ಅದು ನಮ್ಮ ಕೆಲಸದ ಮೊದಲ ಪಾಠ. ಅವರು ಅದನ್ನು ಮನೆಗೂ ತಂದಿದ್ದರು. ನೆಂಟರು ಹೊರಟರೆ ಬಾಲ್ಕನಿಯಲ್ಲಿ ನಿಂತು ಕೊನೆಯವರು ಗೇಟು ದಾಟುವವರೆಗೂ ಕದಲುತ್ತಿರಲಿಲ್ಲ.

ನನಗೆ ಅವರ ಮೇಲೆ ಇದ್ದದ್ದು ಬರೀ ಗೌರವ ಅಲ್ಲ, ಋಣ. ಮೂವತ್ತು ವರ್ಷಗಳ ಹಿಂದಿನ ಮಾತು, ಅರಕ್ಕೋಣಂ ದಾರಿಯ ಒಂದು ಸಣ್ಣ ಸ್ಟೇಷನ್. ಮಧ್ಯಾಹ್ನ ಎರಡಕ್ಕೆ ನಾನು ಹೋಗಿ ಅವರನ್ನು ಡ್ಯೂಟಿಯಿಂದ ಬಿಡಿಸಬೇಕು. ನಾನೋ, ಯಾರದೋ ಮದುವೆಯಲ್ಲಿ ಹೊಟ್ಟೆ ಬಿರಿಯೆ ಉಂಡು, ಛತ್ರದ ಜಮಖಾನದ ಮೇಲೆ ಮಲಗಿ, ಎದ್ದಾಗ ಸಂಜೆ! ನಾನು ಹೋಗಿ ತಲುಪಿದ್ದು ರಾತ್ರಿ ಹತ್ತಕ್ಕೆ. ಅಷ್ಟು ಹೊತ್ತೂ ಅವರು ಕುರ್ಚಿ ಬಿಟ್ಟಿರಲಿಲ್ಲ. ಸ್ಟೇಷನ್ ಡೈರಿಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದರು: "14.00. ರಿಲೀವರ್ ಬಂದಿಲ್ಲ. ಡ್ಯೂಟಿ ಮುಂದುವರಿಸಿದ್ದೇನೆ." ಯಾರು ಬರಲಿಲ್ಲ, ಯಾಕೆ ಬರಲಿಲ್ಲ, ಒಂದಕ್ಷರವಿಲ್ಲ. ಮೇಲಿನವರು ವಿಚಾರಿಸಿದಾಗ, "ಅವನ ಮಗುವಿಗೆ ಜ್ವರ, ನಾನೇ ನಿಧಾನಕ್ಕೆ ಬಾ ಅಂದಿದ್ದೆ" ಎಂದರು. ಆಗಿನ್ನೂ ನನಗೆ ಮಗುವೇ ಇರಲಿಲ್ಲ. ಕೆಲಸ ಉಳಿಯಿತು. ಅಂದಿನಿಂದ ಅವರು ಹೇಳಿದ ಮಾತಿಗೆ ನಾನು ಎದುರಾಡಿದ್ದಿಲ್ಲ. ಅದೇ ನಾನು ಮಾಡಿದ ತಪ್ಪು, ಈಗ ಗೊತ್ತಾಗುತ್ತಿದೆ.

ಅವರ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷವಾಗಿತ್ತು. ಬಲಭಾಗ ಪೂರ್ತಿ ಬಿದ್ದುಹೋಗಿ, ಮಾತು ನಿಂತು, ಒಂದೇ ಒಂದು ಶಬ್ದ ಉಳಿದಿತ್ತು: "ಆಯ್ತು." ಹಸಿವಾದರೂ ಆಯ್ತು, ನೋವಾದರೂ ಆಯ್ತು. "ನೋಡಯ್ಯಾ, ನಲವತ್ತು ವರ್ಷ ನನ್ನ ಒಂದು ಮಾತಿಗೂ ಒಪ್ಪದವಳು ಈಗ ಎಲ್ಲದಕ್ಕೂ ಆಯ್ತು ಅಂತಾಳೆ. ನನಗೇ ಬೇಜಾರಾಗಿದೆ" ಎಂದು ಅವರು ನಗುತ್ತಿದ್ದರು. ಆಕೆಯ ಎಡಗೈ ಅವರ ಅಂಗಿಯ ತೋಳನ್ನು ಹಿಡಿದುಕೊಂಡಿರುತ್ತಿತ್ತು.

ಬೆಳಿಗ್ಗೆ ಮೈ ಒರೆಸಲು ಒಬ್ಬ ಹೆಂಗಸು ಬಂದು ಹೋಗುತ್ತಿದ್ದರು. ಉಳಿದದ್ದೆಲ್ಲ ಇವರೇ. ಅದಕ್ಕಾಗಿ ಪ್ಯಾರೀಸ್ ಕಾರ್ನರ್ ಪೇಟೆಗೆ ಹೋಗಿ ಕಾಗದದ ಸಗಟು ಅಂಗಡಿಯಿಂದ ರಟ್ಟು ಕಟ್ಟಿದ ಉದ್ದನೆಯ ರಿಜಿಸ್ಟರ್ ತಂದಿದ್ದರು. ದಿನಕ್ಕೆ ಮೂರು ಪಾಳಿ. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ಹತ್ತು, ಹತ್ತರಿಂದ ಆರು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದ್ದು, ಗಂಜಿ, ಮಾತ್ರೆ, ಎಲ್ಲ ಅದರಲ್ಲಿ. ರೈಲ್ವೆಗೆ ಜೀವಮಾನವಿಡೀ ಇಂಗ್ಲಿಷಿನಲ್ಲಿ ಬರೆದವರು ಇದನ್ನು ಮಾತ್ರ ಕನ್ನಡದಲ್ಲಿ ಬರೆದರು. ಪಾಳಿ ಮುಗಿದಾಗ ಚಾರ್ಜ್ ಕೊಟ್ಟವರು ಒಂದು ಕಡೆ, ತೆಗೆದುಕೊಂಡವರು ಇನ್ನೊಂದು ಕಡೆ ಸಹಿ ಹಾಕಬೇಕು. ಎರಡು ವರ್ಷ ಎರಡೂ ಕಡೆ ಅವರದೇ ಸಹಿ. ನಾನು ತಮಾಷೆ ಮಾಡಿದರೆ, "ಏನ್ಮಾಡ್ಲಿ, ಈ ಸೆಕ್ಷನ್ನಲ್ಲಿ ಸ್ಟಾಫ್ ಕಮ್ಮಿ" ಎಂದರು. ನಾನು ಬಂದು ಕೂರುತ್ತೇನೆ ಸಾರ್ ಅಂದರೆ ಬಿಡಲಿಲ್ಲ. ಹೆಂಡತಿಯನ್ನು ಬೇರೆ ಗಂಡಸು ಹೊರಳಿಸುವುದು ಸರಿಯಲ್ಲ ಎನ್ನುವುದು ಅವರ ಸಂಕೋಚ.

ಹೋದ ವರ್ಷ ಮಗಳು ಬಂದಳು. ಒಬ್ಬಳೇ ಮಗಳು, ನಾರ್ವೆಯಲ್ಲಿ ಮೀನಿನ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಅಡುಗೆಮನೆಯಲ್ಲಿ ಮೀನಿನ ಹೆಸರೆತ್ತದ ಮನೆತನ ಅವರದು. "ನಮ್ಮವಳು ಮೀನಿಗೆ ಡಾಕ್ಟರು ಕಣಯ್ಯ, ತಿನ್ನೋರೇ ಬೇರೆ, ವಾಸಿ ಮಾಡೋರೇ ಬೇರೆ" ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಅವಳು ಮೂರು ತಿಂಗಳ ರಜೆ ಹಾಕಿ ಬಂದಿದ್ದಳು. ಅಪ್ಪ ಅಮ್ಮನ ಜೊತೆ ಇರಬೇಕು, ಒಟ್ಟಿಗೆ ಉಣ್ಣಬೇಕು, ಸುಮ್ಮನೆ ಕೂರಬೇಕು, ಅಷ್ಟೇ ಅವಳ ಆಸೆ. ಬಂದ ಮೂರನೇ ದಿನ ಕೆಳಗಿಳಿದು ನಮ್ಮ ಮನೆಗೆ ಬಂದವಳು ಕುರ್ಚಿಯಲ್ಲಿ ಕುಸಿದು ಕೂತಳು.

"ಅಂಕಲ್, ನಾನ್ ಬಂದಿದ್ದು ಇವರ ಜೊತೆ ಇರಕ್ಕೆ. ಅಪ್ಪ ರೋಸ್ಟರ್ ಹಾಕಿಕೊಟ್ಟಿದ್ದಾರೆ! ಎನ್ನ ಪಣ್ಣ, ಏನ್ ಮಾಡ್ಲಿ ಹೇಳಿ?"

"ಯಾವ ಪಾಳಿ ಕೊಟ್ಟರಮ್ಮ?"

"ಆರರಿಂದ ಎರಡು. ನೈಟ್ ನಾನ್ ಮಾಡ್ತೀನಿ ಅಂದೆ. ಹೊಸಬರಿಗೆ ನೈಟ್ ಡ್ಯೂಟಿ ಕೊಡಲ್ವಂತೆ."

ನಾವು ಗಂಡ ಹೆಂಡತಿ ನಕ್ಕುಬಿಟ್ಟೆವು. ಅವಳು ನಗಲಿಲ್ಲ.

ಅವರ ಲೆಕ್ಕ ಸರಳವಾಗಿತ್ತು. ಎರಡು ವರ್ಷಕ್ಕೆ ಒಬ್ಬಳು ರಿಲೀವರ್ ಬಂದಿದ್ದಾಳೆ. ಡ್ಯೂಟಿ ಮುಗಿಸಿದವರು ಜಾಗ ಖಾಲಿ ಮಾಡಬೇಕು, ಡ್ಯೂಟಿಯಲ್ಲಿರುವವರ ಹತ್ತಿರ ಹರಟೆ ಹೊಡೆಯಬಾರದು. ಬೆಳಿಗ್ಗೆ ಆರಕ್ಕೆ ಚಾರ್ಜ್ ಕೊಟ್ಟು ನಿದ್ದೆ, ಹತ್ತೂವರೆಗೆ ಒಬ್ಬರೇ ಊಟ, ಆಮೇಲೆ ಹೊರಗೆ. ಎರಡಕ್ಕೆ ಹತ್ತು ನಿಮಿಷವಿದ್ದಾಗ ವಾಪಸ್. ಆ ಹತ್ತು ನಿಮಿಷ ಅಪ್ಪ ಮಗಳು ರಿಜಿಸ್ಟರಿನ ಮೇಲೆ ಬಗ್ಗಿ ಮಾತಾಡುತ್ತಿದ್ದರು. ಅವಳು ಚೆನ್ನೈನಲ್ಲಿ ಓದಿದವಳು, ಕನ್ನಡ ಮಾತು ಬರುತ್ತದೆ, ಬರೆಯುವುದು ಕಷ್ಟ. ಇಂಗ್ಲಿಷಿನಲ್ಲಿ ಬರೆದರೆ ಅವರು ಸಹಿ ಹಾಕುತ್ತಿರಲಿಲ್ಲ. "ಕನ್ನಡದಲ್ಲಿ ಬರಿ ಪುಟ್ಟಿ. ನಿಮ್ಮಮ್ಮನ ವಿಷಯ ಅಲ್ವಾ." ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಬರೆಯುವುದನ್ನು ಕಲಿತಳು. ಎರಡು ಹೊಡೆದ ಕೂಡಲೇ ಅವರು, "ಸರಿ ಮೇಡಂ, ನೀವಿನ್ನು ಹೊರಡಿ" ಅನ್ನುತ್ತಿದ್ದರು.

"ಅಪ್ಪ ಬರದೇ ಇದ್ರೆ ಏನ್ ಬರೀಬೇಕು?" ಎಂದು ಅವಳು ಒಂದು ದಿನ ಛೇಡಿಸಿದ್ದಳಂತೆ.

"ರಿಲೀವರ್ ಬಂದಿಲ್ಲ, ಡ್ಯೂಟಿ ಮುಂದುವರಿಸಿದ್ದೇನೆ ಅಂತ ಬರಿ. ಕುರ್ಚಿ ಮಾತ್ರ ಬಿಡಬೇಡ."

"ನೀವ್ ಯಾವತ್ತು ಲೇಟಾಗಿದ್ದೀರಿ ಪಾ!"

"ನಾನಲ್ಲ. ಕೆಳಗಿನ ಮನೇಲಿ ಒಬ್ಬ ಇದಾನೆ, ಕೇಳು." ಇದನ್ನು ಅವಳೇ ಬಂದು ನನ್ನ ಮುಂದೆ ಹೇಳಿ ನಕ್ಕಳು. ನನಗೆ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಯಿತು.

ಬೆಳಗಿನ ಬಿಡುವಿನಲ್ಲಿ ಅವರು ಹೋಗುತ್ತಿದ್ದದ್ದು ಗಿಂಡಿ ಸ್ಟೇಷನ್ನಿಗೆ. ಮೂವತ್ತೇಳು ವರ್ಷ ಸ್ಟೇಷನ್ನಿನಲ್ಲೇ ಬೆಂದವರು ಬಿಡುವು ಸಿಕ್ಕರೆ ಮತ್ತೆ ಅಲ್ಲಿಗೇ! ಹನ್ನೊಂದೂವರೆಗೆ ಒಂದು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಬೆಂಚಿನ ಮೇಲೆ ಕೊಡೆ, ನೀರಿನ ಬಾಟಲಿ ಇಟ್ಟುಕೊಂಡು ಕೂರುವುದು. ಟಿಕೆಟ್ ನಡೆಯುವುದು ಎರಡು ಗಂಟೆ, ಒಂದೂವರೆಗೆ ಏಳುವುದು. ಎಷ್ಟೋ ದಿನ ನಾನೂ ಜೊತೆಗೆ ಕೂತಿದ್ದೇನೆ. ತಾಂಬರಂ ಕಡೆಯ ಗಾಡಿ ಬಂದು ಹೋಗುತ್ತದೆ, ಬೀಚ್ ಸ್ಟೇಷನ್ನಿನ ಕಡೆಯದು ಬಂದು ಹೋಗುತ್ತದೆ, ಅವರು ಕೊನೆಯ ಬೋಗಿ ನೋಡಿ ತಲೆಯಾಡಿಸುತ್ತಾರೆ.

ಆ ಬೆಂಚಿನ ಮೇಲೇ ನಾನು ಅದನ್ನು ಮೊದಲು ನೋಡಿದ್ದು. ಮಗಳು ಬಂದು ಎರಡು ತಿಂಗಳಾಗಿತ್ತು. ಮಾತಾಡುತ್ತಿದ್ದವರು ನಿಲ್ಲಿಸಿ, ಎದೆ ಅದುಮಿಕೊಂಡು ಮುಂದಕ್ಕೆ ಬಗ್ಗಿದರು. ಹಣೆಯ ಮೇಲೆ ಬೆವರು. ಜೇಬಿನಿಂದ ಹೊಟ್ಟೆಯುರಿಯ ಮಾತ್ರೆ ತೆಗೆದು ಅಗಿದರು.

"ಗ್ಯಾಸು."

"ಗ್ಯಾಸಿಗೆ ಎಡಗೈ ಯಾಕೆ ಸಾರ್ ನೀವಿಕೊಳ್ತೀರಿ? ಬನ್ನಿ, ಆಸ್ಪತ್ರೆಗೆ ಹೋಗೋಣ."

"ಹೋದ್ರೆ ಮಲಗಿಸ್ಕೋತಾರೆ. ಎರಡು ಗಂಟೆಗೆ ಯಾರು ಹೋಗ್ತಾರೆ?"

"ಮಗಳಿಗಾದರೂ ಹೇಳ್ತೀನಿ."

ಅವರು ನನ್ನ ಕಡೆ ತಿರುಗಿದರು. ಅಷ್ಟು ಗಟ್ಟಿಯಾಗಿ ನನ್ನನ್ನು ಎಂದೂ ನೋಡಿರಲಿಲ್ಲ. "ಹೇಳಿದ್ರೆ ಅವಳು ಹೋಗಲ್ಲ. ಅಲ್ಲಿ ಅವಳ ಕೆಲಸ, ಅವಳ ಬದುಕು ಎಲ್ಲ ನಿಂತುಹೋಗುತ್ತೆ. ಅವಳು ವಿಮಾನ ಹತ್ತಲಿ, ಮಾರನೇ ದಿನವೇ ನಿನ್ನ ಜೊತೆ ಆಸ್ಪತ್ರೆಗೆ ಬರ್ತೀನಿ. ಆಣೆ ಬೇಕಾ?"

ಆಣೆ ಬೇಡ ಸಾರ್ ಅಂದೆ. ಛೀ, ಎಂಥ ಹೇಡಿ ನಾನು! ಮೆಟ್ಟಿಲ ಮೇಲೆ ಅವರು ಕಂಬಿ ಹಿಡಿದು ನಿಲ್ಲುವುದನ್ನು ಆಮೇಲೆ ಮೂರು ನಾಲ್ಕು ಸಲ ನೋಡಿದೆ. ಪ್ರತಿ ಸಲವೂ ಅವಳ ಎದುರಿಗೆ ನಾಲಿಗೆ ಕಚ್ಚಿಕೊಂಡು ಸುಮ್ಮನಾದೆ. ಅವಳಾದರೋ ದಿನವೂ ಆ ರಿಜಿಸ್ಟರ್ ಓದುತ್ತಿದ್ದಳು. "ಎಲ್ಲ ಸರಿಯಾಗಿದೆ" ಎಂದು ಅಪ್ಪನ ಅಕ್ಷರದಲ್ಲಿ ಇರುತ್ತಿತ್ತು. ಅದು ಅಮ್ಮನ ವಿಷಯ. ಡ್ಯೂಟಿ ಮಾಡುವವನ ಮೈ ಹೇಗಿದೆ ಎಂದು ಬರೆಯಲು ನಮ್ಮ ಡೈರಿಗಳಲ್ಲಿ ಜಾಗವೇ ಇರಲಿಲ್ಲ, ಅವರೂ ಜಾಗ ಮಾಡಲಿಲ್ಲ.

ರಜೆ ಮುಗಿಯುತ್ತ ಬಂದಾಗ ಅವಳು ಟಿಕೆಟ್ಟನ್ನು ಆರು ವಾರ ಮುಂದಕ್ಕೆ ಹಾಕಿಸಿದಳು. ಅವರಿಗೆ ಸಂತೋಷವೋ ಸಂತೋಷ. "ನನಗೆ ಇನ್ನೊಂದಿಷ್ಟು ರೆಸ್ಟ್ ಸಿಗಲಿ ಅಂತ ಕಣಯ್ಯ!" ಅವಳು ಉಳಿದದ್ದು ಅದಕ್ಕಲ್ಲ. ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡು ಅತ್ತಿದ್ದಳು. "ಆಂಟಿ, ಒಂದೇ ಒಂದು ಊಟ ಮೂವರೂ ಒಟ್ಟಿಗೆ ಕೂತು ಮಾಡಿಲ್ಲ. ನಾನ್ ಇರೋವಾಗ ಅವರು ಇರಲ್ಲ, ಅವರು ಇರೋವಾಗ ನನ್ನ ಹೊರಗೆ ಕಳಿಸ್ತಾರೆ. ಹೀಗೇ ವಾಪಸ್ ಹೋಗೋದಾ?"

ನಾನು ಇದನ್ನು ಬೆಂಚಿನ ಮೇಲೆ ಅವರಿಗೆ ಹೇಳಿದೆ. ಇಷ್ಟಾದರೂ ಹೇಳಿದೆ.

"ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಮೂರು ಜನ ಕೂತು ಉಂಡು ಇವಳಿಗೆ ಅದು ಅಭ್ಯಾಸ ಆದ್ರೆ, ಪುಟ್ಟಿ ಹೋದ ಮೇಲೆ ಹ್ಯಾಗಯ್ಯಾ ಹೇಳೋದು? ಇವಳು ಬಾಯಿಬಿಟ್ಟು ಕೇಳೋಹಾಗಿಲ್ಲ. ಊಟದ ಹೊತ್ತಿಗೆ ಬಾಗಿಲು ನೋಡ್ತಾ ಮಲಗಿರ್ತಾಳೆ. ಅದನ್ನ ನೋಡ್ಕೊಂಡು ನಾನು ತುತ್ತು ಕಲಸಿ ಬಾಯಿಗಿಡಬೇಕು." ಕಣ್ಣು ಒರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಕೊಡೆ ತೆಗೆದುಕೊಂಡು ಎದ್ದು, "ಆಗಲಿ. ಒಂದೇ ಒಂದು ದಿನ. ಶುಕ್ರವಾರ ಒಂದು ಗಂಟೆಗೇ ಹೋಗ್ತೀನಿ" ಎಂದರು.

ಅವತ್ತೇ ಎರಡಕ್ಕೆ ಚಾರ್ಜ್ ತೆಗೆದುಕೊಳ್ಳುವಾಗ ಅವಳಿಗೂ ಹೇಳಿದರಂತೆ. ಅವಳು ಕೆಳಗೆ ಓಡಿಬಂದು, ಮಜ್ಜಿಗೆಹುಳಿ ಹೇಗೆ ಮಾಡುವುದು ಎಂದು ನನ್ನ ಹೆಂಡತಿಯಿಂದ ಬರೆಸಿಕೊಂಡು ಹೋದಳು. ಅಪ್ಪನಿಗೆ ಬೂದುಗುಂಬಳದ್ದೇ ಆಗಬೇಕು ಎಂದು ಸೋಮವಾರವೇ ಕಾಯಿ ತಂದಿಟ್ಟಳು. ಮೂವರಿಗೆ ಅಷ್ಟು ದೊಡ್ಡದು ಯಾಕಮ್ಮ ಎಂದರೆ, "ನಿಮಗೂ ಕಳಿಸ್ತೀನಿ" ಎಂದಳು.

ಮಂಗಳವಾರ ನಾನು ಸ್ಟೇಷನ್ನಿಗೆ ಹೋಗಲಿಲ್ಲ. ಹೆಂಡತಿಯ ತಂಗಿಯ ಮಗನ ಮದುವೆಗೆ ಸೀರೆ ಅಂತ ಟಿ. ನಗರಕ್ಕೆ ಹೋಗಿದ್ದೆವು. ಅಂಗಡಿಯ ಮೂರನೇ ಮಹಡಿಯಲ್ಲಿ ಚೀಲ ಹಿಡಿದುಕೊಂಡು ನಿಂತಿದ್ದಾಗ ಫೋನು ಬಂತು.

"ಅಂಕಲ್, ಅಪ್ಪ ನಿಮ್ಮ ಜೊತೆ ಇದ್ದಾರಾ? ಇನ್ನೂ ಬಂದಿಲ್ಲ. ಫೋನ್ ಎತ್ತುತ್ತಿಲ್ಲ."

ಗಡಿಯಾರ ನೋಡಿದೆ. ಎರಡು ಗಂಟೆ ಆರು ನಿಮಿಷ. ಬೇರೆ ಯಾರಾದರೂ ಆಗಿದ್ದರೆ ಆರು ನಿಮಿಷಕ್ಕೆ ಏನಮ್ಮ ಗಾಬರಿ ಎನ್ನಬಹುದಿತ್ತು. ಚೀಲ ಹೆಂಡತಿಯ ಕೈಗೆ ಕೊಟ್ಟು ಮೆಟ್ಟಿಲಿಳಿದು ಓಡಿದೆ.

ಪಕ್ಕದ ಮಾಂಬಲಂ ಸ್ಟೇಷನ್ನಿನಲ್ಲಿ ಸಿಕ್ಕಿದ ಗಾಡಿ ಹತ್ತಿದೆ. ಗಿಂಡಿಗೆ ಎರಡೇ ಸ್ಟೇಷನ್, ಎಂದೂ ಮುಗಿಯದ ಹಾಗಾಯಿತು. ಅವರು ಅದೇ ಬೆಂಚಿನ ಮೇಲಿದ್ದರು. ಪಕ್ಕದಲ್ಲಿ ಕೊಡೆ, ನೀರಿನ ಬಾಟಲಿ. ತಲೆ ಸ್ವಲ್ಪ ಬಲಕ್ಕೆ ವಾಲಿತ್ತು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು ಹೂ ಕಟ್ಟುತ್ತಿದ್ದಳು. "ಪೆರಿಯವರು ನಿದ್ದೆ ಮಾಡ್ತಿದಾರೆ ಅಂದ್ಕೊಂಡೆ ಸಾರ್" ಎಂದು ತಮಿಳಿನಲ್ಲಿ ಹೇಳುತ್ತ ಅವಳು ಅಳತೊಡಗಿದಳು. ಅಂಗಿಯ ಜೇಬಿನಲ್ಲಿ ಟಿಕೆಟ್ ಇತ್ತು. ಅದರ ಎರಡು ಗಂಟೆ ಮುಗಿದುಹೋಗಿತ್ತು. ನಾನು ಅಲ್ಲಿಂದಲೇ ಫೋನು ಮಾಡಿ ಮಗಳಿಗೆ ಹೇಳಿದೆ.

ಆಸ್ಪತ್ರೆ, ಪೊಲೀಸು, ಕಾಗದ ಎಲ್ಲ ಮುಗಿಸಿ ಮನೆಗೆ ತಂದಾಗ ಐದು ದಾಟಿತ್ತು. ಅಷ್ಟು ಹೊತ್ತೂ ಅವಳು ಅಮ್ಮನ ಮಂಚದ ಪಕ್ಕದ ಕುರ್ಚಿ ಬಿಟ್ಟು ಎದ್ದಿರಲಿಲ್ಲವಂತೆ. ಮಲಗಿದ್ದಾಕೆಗೆ ಕಾಣುವ ಹಾಗೆ ಅವರನ್ನು ಬಾಗಿಲ ಹತ್ತಿರ ಮಲಗಿಸಿದೆವು. "ಅಮ್ಮಾ, ಅಪ್ಪ ಬಂದ್ರು" ಎಂದಳು. ಆಕೆ ಎಡಗೈ ಚಾಚಿದರು, ತೋಳು ಸಿಗಲಿಲ್ಲ. "ಆಯ್ತು" ಎಂದರು. ನಾನು ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ ಆ ಬೂದುಗುಂಬಳಕಾಯಿ ಇತ್ತು.

ಕರ್ಮಗಳನ್ನು ಅವಳೇ ಮಾಡಿದಳು. ಹದಿಮೂರು ದಿನ ಕಳೆದ ಮೇಲೆ ನೆಂಟರೆಲ್ಲ ಹೊರಟರು. ಕೊನೆಯವರು ಗೇಟು ದಾಟುವವರೆಗೂ ಅವಳು ಬಾಲ್ಕನಿಯಲ್ಲಿ ನಿಂತಿದ್ದಳು. ನಾನು ಮೇಲೆ ಹೋಗಿ, ಹೇಳಬೇಕಾದದ್ದನ್ನು ಹೇಳಿದೆ. ಎದೆನೋವು, ಮಾತ್ರೆ, ಮೆಟ್ಟಿಲು, ನಾನು ಕೊಟ್ಟ ಮಾತು, ಎಲ್ಲ. ಅವಳು ಬಯ್ಯಲಿ, ಹೊಡೆಯಲಿ ಅಂತಲೇ ಹೋಗಿದ್ದೆ.

"ಎಷ್ಟು ದಿನದಿಂದ ಗೊತ್ತಿತ್ತು ಅಂಕಲ್?"

"ನಲವತ್ತು ದಿನ ಆಗಿರಬಹುದಮ್ಮ."

"ನಾನು ಕೆಳಗೆ ಬಂದು ನಿಮ್ಮನೇಲಿ ಕೂರ್ತಿದ್ದೆ. ದಿನಾ ಕಾಫಿ ಕುಡೀತಿದ್ದೆ." ಅಷ್ಟೇ ಅಂದಳು. ಗಡಿಯಾರ ನೋಡಿ, ಒಳಗೆ ಹೋಗಿ ಅಮ್ಮನ ಮಗ್ಗುಲು ಬದಲಿಸಿದಳು. ಮೇಜಿನ ಮೇಲೆ ರಿಜಿಸ್ಟರ್ ತೆರೆದಿತ್ತು. ನಾನು ಆ ಮಂಗಳವಾರದ ಪುಟ ತಿರುಗಿಸಿದೆ. ದಪ್ಪ ದಪ್ಪ, ಶಾಲೆಯ ಮಕ್ಕಳಂಥ ಅಕ್ಷರ.

"14.00. ರಿಲೀವರ್ ಬಂದಿಲ್ಲ. ಡ್ಯೂಟಿ ಮುಂದುವರಿಸಿದ್ದೇನೆ."

"14.30. ಅಮ್ಮನಿಗೆ ಗಂಜಿ."

"16.00. ಎಡ ಮಗ್ಗುಲಿಗೆ ತಿರುಗಿಸಿದೆ."

"17.20. ಅಪ್ಪ ಬಂದರು. ಚಾರ್ಜ್ ಕೊಟ್ಟಿಲ್ಲ."

ಅವಳು ಇನ್ನೂ ಇಲ್ಲೇ ಇದ್ದಾಳೆ. ಟಿಕೆಟ್ ಇನ್ನೆರಡು ಸಲ ಮುಂದಕ್ಕೆ ಹೋಯಿತು, ಈಗ ಅದರ ಮಾತೇ ಇಲ್ಲ. ನಾರ್ವೆಯ ಕೆಲಸ ಏನಾಯಿತು ಎಂದು ಕೇಳುವ ಮುಖ ನನಗಿಲ್ಲ. ಯಾವುದು ಆಗಬಾರದು ಎಂದು ಅವರು ನನ್ನ ಬಾಯಿ ಕಟ್ಟಿದರೋ ಅದೇ ಆಗಿದೆ. ನಾನು ಪ್ರತಿದಿನ ಹೆಂಡತಿಯನ್ನು ಕರೆದುಕೊಂಡು ಎರಡಕ್ಕೆ ಹತ್ತು ನಿಮಿಷವಿದ್ದಾಗ ಮೇಲೆ ಹೋಗುತ್ತೇನೆ. ಹೊರಳಿಸುವುದನ್ನು ಇವಳು ಮಾಡಲಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ, ನೀನು ಸ್ವಲ್ಪ ಮಲಗಮ್ಮ ಎಂದು ದಿನವೂ ಹೇಳುತ್ತೇನೆ. "ಪರವಾಗಿಲ್ಲ ಅಂಕಲ್, ಕೂತ್ಕೊಳಿ" ಅನ್ನುತ್ತಾಳೆ. ಸರಿಯಾಗಿ ಎರಡಕ್ಕೆ ರಿಜಿಸ್ಟರ್ ತೆರೆದು, ನಮ್ಮ ಕಣ್ಣೆದುರಿಗೇ ಆ ಒಂದು ಸಾಲು ಬರೆಯುತ್ತಾಳೆ.

ಒಂದು ದಿನ ತಡೆಯಲಾರದೆ, "ನಾನು ಬಂದಿದ್ದೀನಲ್ಲಮ್ಮ" ಎಂದುಬಿಟ್ಟೆ.

ಅವಳು ತಲೆಯೆತ್ತಿ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. "ಗೊತ್ತು ಅಂಕಲ್" ಎಂದು ಪುಸ್ತಕ ಮುಚ್ಚಿದಳು.

ಕುರ್ಚಿ ಕೊಡುತ್ತಾಳೆ, ಕಾಫಿ ಕೊಡುತ್ತಾಳೆ. ಚಾರ್ಜ್ ಮಾತ್ರ ಕೊಡುವುದಿಲ್ಲ.